ಗಾಡಿ ಓಡಿದರೆ ಸಾಲದು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣದ ಅಭ್ಯಾಸವಿಲ್ಲದವನು ನಾನು. ಕೈಗೆ ಸ್ಪಾನರು ಕೊಟ್ಟರೆ ಹೇಗೋ ನಿಭಾಯಿಸಿಯೇನು. ಮೈಕು ಕೊಟ್ಟರೆ ಕೈ ನಡುಗುತ್ತದೆ. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. "ನಮ್ಮ ಸದಸ್ಯರಲ್ಲಿ ಬಹಳ ಮಂದಿ ಈಗ ಮೋಟಾರ್‌ಸೈಕಲ್ಲಿನ ಮೇಲೆ ಓಡಾಡುತ್ತಾರೆ, ಗಾಡಿಯ ಯೋಗಕ್ಷೇಮದ ಬಗ್ಗೆ ನಾಲ್ಕು ಮಾತು ಹೇಳಿ" ಎಂದರು. ಇನ್ನು ಕೆಲವೇ ದಿನಗಳಲ್ಲಿ ಆಯುಧಪೂಜೆ ಬರುತ್ತದೆ. ಆ ನೆವದಿಂದಲಾದರೂ ಈ ಮಾತು ಸಕಾಲವಾದೀತೆಂದು ಒಪ್ಪಿಕೊಂಡೆ.

ಒಂದು ಕಾಲದಲ್ಲಿ ಮೋಟಾರ್‌ಸೈಕಲ್ಲು ಸಿರಿವಂತರ ಸೊತ್ತಾಗಿತ್ತು. ಈಗ ಅದು ನಮ್ಮ ಅನ್ನದ ಸಾಧನ. ಬೆಳಗಿನ ಜಾವ ಮಾರ್ಕೆಟ್ಟಿನಿಂದ ಕಾಯಿಪಲ್ಲೆ ತರುವ ಹೊಟೇಲಿನ ಹುಡುಗ, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವನು, ಗಲ್ಲಾ ಮುಚ್ಚಿ ನಡುರಾತ್ರಿಗೆ ದೂರದ ಉಪನಗರಕ್ಕೆ ಮರಳುವವರು, ಗಿರಣಿಗಳು ಹೋದ ಮೇಲೆ ಬೇರೆ ಬೇರೆ ಉದ್ಯೋಗ ಹಿಡಿದ ನಮ್ಮ ಹಳೆಯ ಮಿತ್ರರು, ಅವರ ಮಕ್ಕಳು, ಎಲ್ಲರಿಗೂ ಅದು ಬೇಕು. ಗಾಡಿ ಕೆಟ್ಟು ನಿಂತರೆ ಒಂದು ದಿನದ ಸಂಬಳ ಹೋಗುತ್ತದೆ. ಗಾಡಿಯಿಂದ ಬಿದ್ದರೆ ತಿಂಗಳುಗಟ್ಟಲೆಯ ಸಂಬಳ ಹೋಗುತ್ತದೆ. ನಾವು ಮೊದಲನೆಯದಕ್ಕೆ ಹೆದರುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ.

ಹಳೆಯ ಗಾಡಿ, ಹೊಸ ಗಾಡಿ

ಹಳಬರಿಗೆ ನೆನಪಿರಬಹುದು. 1961ರಿಂದ ನಮ್ಮ ಮೈಸೂರಿನಲ್ಲಿಯೇ ಜಾವಾ ಗಾಡಿ ತಯಾರಾಗುತ್ತಿತ್ತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕಿಕ್ಕರನ್ನು ಮಡಚಿದರೆ ಅದೇ ಗೇರಿನ ಕಡ್ಡಿಯಾಗುತ್ತಿದ್ದ ಚಂದದ ಗಾಡಿ ಅದು. ಆದರೆ ಆ ಕಾಲದ ಟೂ-ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕಾಗಿತ್ತು. ಎಣ್ಣೆ ಹೆಚ್ಚಾದರೆ ಪ್ಲಗ್ಗು ಕರ್ರಗಾಗಿ ಕಿಡಿ ಬರುತ್ತಿರಲಿಲ್ಲ. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತಿತ್ತು. ಪಾಯಿಂಟು ಸವೆಯುತ್ತಿತ್ತು, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತಿತ್ತು. ಆದುದರಿಂದ ಗಾಡಿಯಿದ್ದವನು ವಾರಕ್ಕೊಮ್ಮೆಯಾದರೂ ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂರಲೇಬೇಕಾಗಿತ್ತು. ಹಾಗೆ ಕೂತಾಗ ಸಡಿಲವಾದ ಚೈನು ಕಣ್ಣಿಗೆ ಬೀಳುತ್ತಿತ್ತು, ಬೋಳಾದ ಟಯರೂ ಬೀಳುತ್ತಿತ್ತು.

1985ರಲ್ಲಿ ಹೀರೋ ಹೋಂಡಾದವರ ನೂರು ಸಿ.ಸಿ.ಯ ಫೋರ್-ಸ್ಟ್ರೋಕ್ ಗಾಡಿ ಬಂತು. ಎಣ್ಣೆ ಬೆರೆಸುವ ಕೆಲಸ ತಪ್ಪಿತು. ಪಾಯಿಂಟಿನ ಬದಲು ವಿದ್ಯುನ್ಮಾನ ಕಿಡಿ ಬಂತು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಹೊಸ ಮೋಟಾರ್‌ಸೈಕಲ್ಲುಗಳಲ್ಲಿ ಕಾರ್ಬುರೇಟರು ಬಹುಮಟ್ಟಿಗೆ ಹೋಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದಿದೆ. ಗುಂಡಿ ಒತ್ತಿದರೆ ಸಾಕು, ಇಂಜಿನು ಎಚ್ಚರಗೊಳ್ಳುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಇದರಿಂದ ಒಂದು ಅಪಾಯವೂ ಹುಟ್ಟಿತು. ಇಂಜಿನು ತೊಂದರೆ ಕೊಡದಿರುವುದರಿಂದ ನಾವು ಗಾಡಿಯ ಮುಂದೆ ಕೂರುವುದನ್ನೇ ಬಿಟ್ಟುಬಿಟ್ಟೆವು. ಓಡುತ್ತಿದೆಯಾದ್ದರಿಂದ ಸರಿಯಾಗಿಯೇ ಇದೆ ಎಂದು ನಂಬಿಬಿಟ್ಟೆವು. ಗಾಡಿ ಓಡುತ್ತದೆಯೇ ಎಂದು ಕೇಳುತ್ತೇವೆ. ನಿಲ್ಲುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ನನ್ನದೇ ತಪ್ಪಿನ ಕತೆ

ಬೇರೆಯವರ ತಪ್ಪು ಹೇಳುವ ಮೊದಲು ನನ್ನದನ್ನು ಹೇಳಬೇಕು. 2016ರ ಮಳೆಗಾಲ. ಕುಂದಾಪುರದ ಕಡೆಯ ಒಬ್ಬ ಹುಡುಗ, ಇಲ್ಲಿಯ ಒಂದು ಹೊಟೇಲಿನಲ್ಲಿ ಕೆಲಸಕ್ಕಿದ್ದವನು, ತನ್ನ ಗಾಡಿಯನ್ನು ನನ್ನ ಗ್ಯಾರೇಜಿಗೆ ತಂದ. "ಅಣ್ಣ, ಪಿಕಪ್ ಇಲ್ಲ, ಮೈಲೇಜೂ ಇಳಿದಿದೆ" ಎಂದ. ನಾನು ಎಣ್ಣೆ ಬದಲಿಸಿದೆ, ಏರ್ ಫಿಲ್ಟರು ತೊಳೆದೆ, ಪ್ಲಗ್ಗು ಹಾಕಿದೆ, ಟ್ಯೂನಿಂಗ್ ಮಾಡಿದೆ. ಗಾಡಿ ಹೂವಿನ ಹಾಗೆ ಓಡಿತು. ಹುಡುಗ ಸಂತೋಷದಿಂದ ಹಣ ಕೊಟ್ಟು ಹೋದ.

ಮೂರನೆಯ ದಿನ ಬೆಳಗಿನ ನಾಲ್ಕೂವರೆಗೆ ಮಾರ್ಕೆಟ್ಟಿಗೆ ಹೊರಟಿದ್ದಾಗ ಎದುರಿಗೆ ನೀರು ತುಂಬಿದ ಹೊಂಡ ಕಂಡು ಬ್ರೇಕು ಹಾಕಿದ್ದಾನೆ. ಹಿಂದಿನಿಂದ ಬರುತ್ತಿದ್ದ ಟೆಂಪೋ ಬಂದು ಹೊಡೆಯಿತು. ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ನಾಲ್ಕು ತಿಂಗಳು ಊರಿನಲ್ಲಿ ಮಲಗಿದ. ಆ ನಾಲ್ಕು ತಿಂಗಳು ಮನೆಗೆ ಇಲ್ಲಿಂದ ಮನಿಯಾರ್ಡರು ಹೋಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಟೆಂಪೋದವನು ಹತ್ತಿರ ಹತ್ತಿರ ಬಂದದ್ದು ತಪ್ಪೇ. ಆದರೆ ಅವನು ಹೇಳಿದ ಮಾತೂ ಸುಳ್ಳಲ್ಲ: "ಮುಂದಿನವನು ಬ್ರೇಕು ಹಾಕಿದ್ದೇ ಗೊತ್ತಾಗಲಿಲ್ಲ."

ಗಾಡಿ ಮತ್ತೆ ನನ್ನ ಗ್ಯಾರೇಜಿಗೇ ಬಂತು. ಹಿಂದಿನ ದೀಪದ ಗಾಜು ಒಡೆದಿದ್ದರೂ ಕೆಂಪು ದೀಪ ಉರಿಯುತ್ತಿತ್ತು. ಬ್ರೇಕಿನ ಪೆಡಲು ಒತ್ತಿ ನೋಡಿದೆ. ದೀಪ ಹೆಚ್ಚಲಿಲ್ಲ. ಅಂತಹ ಗಾಡಿಗಳ ಹಿಂದಿನ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ. 5 ವಾಟಿನದು ರಾತ್ರಿಯ ದೀಪಕ್ಕೆ, 21 ವಾಟಿನದು ಬ್ರೇಕಿನ ದೀಪಕ್ಕೆ. ಚಿಕ್ಕದು ಉರಿಯುತ್ತಿತ್ತು, ದೊಡ್ಡದು ಸುಟ್ಟುಹೋಗಿತ್ತು. ಅಪಘಾತದ ಪೆಟ್ಟಿಗೆ ಹೋದದ್ದಲ್ಲ. ಬಲ್ಬಿನ ಒಳಗೋಡೆ ಕಪ್ಪಾಗಿತ್ತು, ಬಹಳ ದಿನಗಳ ಹಿಂದೆಯೇ ಹೋಗಿತ್ತು. ಒಂದು ಚಹಾ ನಾಷ್ಟಾದಷ್ಟು ಬೆಲೆಯ ಬಲ್ಬು. ನಾನು ಎರಡು ಗಂಟೆ ಆ ಗಾಡಿಯ ಮೇಲೆ ಕೆಲಸ ಮಾಡಿದ್ದೆ. ಒಮ್ಮೆ ಪೆಡಲು ಒತ್ತಿ ಹಿಂದೆ ತಿರುಗಿ ನೋಡಿರಲಿಲ್ಲ.

ಊರಿನಿಂದ ಮರಳಿದ ಮೇಲೆ ಆ ಹುಡುಗ ನನ್ನನ್ನು ಬೈಯಲಿಲ್ಲ. "ಅಣ್ಣ, ನೀವು ಮೊನ್ನೆ ತಾನೇ ನೋಡಿದ್ದಿರಲ್ಲ?" ಎಂದು ಮಾತ್ರ ಕೇಳಿದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿಕೊಂಡೆ. ಗಾಡಿ ಯಾವ ದೂರಿಗೆ ಬಂದರೂ ಮೊದಲು ಒಂದು ಸುತ್ತು ಎಲ್ಲವನ್ನೂ ನೋಡುತ್ತೇನೆ.

ಇಂಗ್ಲೆಂಡಿನ ವಾರ್ಷಿಕ ಪರೀಕ್ಷೆ

ಹೀಗೆ ನೋಡುವುದಕ್ಕೆ ಒಂದು ಕ್ರಮ ಬೇಕಲ್ಲವೇ? ಅದನ್ನು ಹುಡುಕುತ್ತಿದ್ದಾಗ ಇಂಗ್ಲೆಂಡಿನಲ್ಲಿ ಪ್ರತಿಯೊಂದು ಗಾಡಿಗೂ ವರ್ಷಕ್ಕೊಮ್ಮೆ ಪರೀಕ್ಷೆಯಿದೆಯೆಂದು ತಿಳಿಯಿತು. ಅಲ್ಲಿಯ ಸರಕಾರ ಪರೀಕ್ಷಕರಿಗಾಗಿ ಹೊರಡಿಸಿರುವ ಕೈಪಿಡಿಯನ್ನು ಯಾರು ಬೇಕಾದರೂ ಓದಬಹುದು. ನನ್ನ ಮಗಳು ಓದಿ ಕನ್ನಡದಲ್ಲಿ ಹೇಳಿದಳು, ನಾನು ಬರೆದುಕೊಂಡೆ.

ಆ ಪರೀಕ್ಷೆ ಪ್ರಾರಂಭವಾದದ್ದು 1960ರಲ್ಲಿ. ಸಾರಿಗೆ ಮಂತ್ರಾಲಯದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಎಂ.ಒ.ಟಿ. ಎಂದೇ ಹೆಸರು ನಿಂತಿದೆ. ಮೊದಲು ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ, ಅದೂ ಬ್ರೇಕು, ದೀಪ, ಸ್ಟೇರಿಂಗ್ ಇಷ್ಟಕ್ಕೇ ಪರೀಕ್ಷೆ. ಬಂದ ಗಾಡಿಗಳಲ್ಲಿ ಬಹಳಷ್ಟು ನಪಾಸಾದವು. ಅದನ್ನು ಕಂಡು ಮರುವರ್ಷವೇ ಆ ಅವಧಿಯನ್ನು ಏಳು ವರ್ಷಕ್ಕೆ ಇಳಿಸಿದರು. 1967ರಲ್ಲಿ ಮೂರು ವರ್ಷಕ್ಕೆ ತಂದರು. ಮರುವರ್ಷ ಟಯರನ್ನೂ ಸೇರಿಸಿದರು. ಈಗ ಅಲ್ಲಿ ಮೋಟಾರ್‌ಸೈಕಲ್ಲಿಗೆ ಮೂರು ವರ್ಷ ತುಂಬಿತೆಂದರೆ ಪ್ರತಿವರ್ಷ ಪರೀಕ್ಷೆ ಆಗತಕ್ಕದ್ದು. ಸರಕಾರ ಒಪ್ಪಿಗೆ ಕೊಟ್ಟ ಗ್ಯಾರೇಜುಗಳಲ್ಲಿಯೇ ಅದು ನಡೆಯುತ್ತದೆ. 2018ರ ಮೇ ತಿಂಗಳಿನಿಂದ ದೋಷಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದಾರೆ: ಅಪಾಯಕರ, ದೊಡ್ಡದು, ಸಣ್ಣದು. ಮೊದಲ ಎರಡರಲ್ಲಿ ಒಂದಿದ್ದರೂ ಗಾಡಿ ನಪಾಸು.

ಇನ್ನು ಕೇಳಿ, ನನಗೆ ಬಹಳ ಆಶ್ಚರ್ಯವಾದ ಸಂಗತಿ. ಆ ಪರೀಕ್ಷೆಯಲ್ಲಿ ಇಂಜಿನು ಎಷ್ಟು ಚೆನ್ನಾಗಿದೆಯೆಂದು ನೋಡುವುದೇ ಇಲ್ಲ! ಕ್ಲಚ್ಚನ್ನು ನೋಡುವುದಿಲ್ಲ, ಗೇರ್‌ಬಾಕ್ಸನ್ನು ನೋಡುವುದಿಲ್ಲ. ಪಿಕಪ್, ಮೈಲೇಜು ಇವುಗಳ ಮಾತೇ ಇಲ್ಲ. ಅದು ಗಾಡಿಯ ಯಜಮಾನನ ಜೇಬಿನ ವಿಚಾರ, ಸರಕಾರದ ವಿಚಾರವಲ್ಲ. ಅವರು ನೋಡುವುದು ದೀಪ, ಹಾರನ್ನು, ಬ್ರೇಕು, ಟಯರು, ಚಕ್ರ, ಹ್ಯಾಂಡಲು, ಫೋರ್ಕು, ಶಾಕಬ್ಸರು, ಚೈನು, ಚೌಕಟ್ಟು, ಸೈಲೆನ್ಸರಿನ ಸದ್ದು ಇತ್ಯಾದಿ. ನಾವು ಗ್ಯಾರೇಜಿನಲ್ಲಿ ಯಾವುದಕ್ಕೆ ಹಣ ಸುರಿಯುತ್ತೇವೆಯೋ ಅದು ಅವರ ಪಟ್ಟಿಯಲ್ಲಿಲ್ಲ. ನಾವು ಯಾವುದನ್ನು "ಮುಂದಿನ ಸಲ ನೋಡೋಣ" ಎನ್ನುತ್ತೇವೆಯೋ ಅದೇ ಅವರ ಪಟ್ಟಿ.

ಮೋಟಾರ್‌ಸೈಕಲ್ಲುಗಳು ಅಲ್ಲಿ ನಪಾಸಾಗುವುದು ಯಾವುದರಲ್ಲಿ ಹೆಚ್ಚು? ಎಲ್ಲಕ್ಕಿಂತ ಮೊದಲು ದೀಪಗಳಲ್ಲಿ. ಆಮೇಲೆ ಬ್ರೇಕು, ಟಯರು, ಹ್ಯಾಂಡಲು ಮತ್ತು ಶಾಕಬ್ಸರು. ಇದನ್ನು ಕೇಳಿದಾಗ ನನಗೆ ಆ ಹುಡುಗನ ಬಲ್ಬು ನೆನಪಾಯಿತು. ದೇಶ ಯಾವುದಾದರೇನು, ಇಂಜಿನಿನ ಮೇಲೆ ಕೂತವನಿಗೆ ತನ್ನ ಬೆನ್ನ ಹಿಂದಿನ ದೀಪ ಎಲ್ಲಿಯೂ ಕಾಣಿಸುವುದಿಲ್ಲ.

ನಾವೇ ಮಾಡಬಹುದಾದ ಪರೀಕ್ಷೆ

ಈಗ ಒಂದೊಂದಾಗಿ ಹೇಳುತ್ತೇನೆ. ಇದಕ್ಕೆ ಮೆಕ್ಯಾನಿಕ್ಕು ಬೇಡ, ಅರ್ಧ ಗಂಟೆ ಸಾಕು.

ಮೊದಲು ದೀಪ. ಕತ್ತಲಾದ ಮೇಲೆ ಗಾಡಿಯ ಹಿಂಭಾಗವನ್ನು ಚಾಳಿನ ಗೋಡೆಗೆ ಹತ್ತಿರ ನಿಲ್ಲಿಸಿ. ಮುಂದಿನ ಬ್ರೇಕನ್ನು ಮಾತ್ರ ಹಿಡಿಯಿರಿ, ಗೋಡೆಯ ಮೇಲೆ ಕೆಂಪು ಹೆಚ್ಚಬೇಕು. ಬಿಟ್ಟು, ಹಿಂದಿನದನ್ನು ಮಾತ್ರ ಒತ್ತಿರಿ, ಮತ್ತೆ ಹೆಚ್ಚಬೇಕು. ಎರಡಕ್ಕೂ ಬೇರೆ ಬೇರೆ ಸ್ವಿಚ್ಚುಗಳಿರುವುದರಿಂದ ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದು ಸರಿಯಿದೆಯೆಂದು ತಿಳಿಯಕೂಡದು. ಆಮೇಲೆ ನಾಲ್ಕು ಇಂಡಿಕೇಟರುಗಳು. ಎಂದಿಗಿಂತ ಬೇಗ ಬೇಗ ಮಿಣುಕಿದರೆ ಸಾಮಾನ್ಯವಾಗಿ ಒಂದು ಬಲ್ಬು ಹೋಗಿದೆಯೆಂದು ಅರ್ಥ.

ಎರಡನೆಯದು ಬ್ರೇಕು. ಅನೇಕರಿಗೆ ಮುಂದಿನ ಬ್ರೇಕೆಂದರೆ ಭಯ; ಕಾಲಿನದನ್ನೇ ನಂಬಿರುತ್ತಾರೆ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಆದುದರಿಂದ ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಚಕ್ರವೇ. ಎರಡನ್ನೂ ಒಟ್ಟಿಗೆ, ಜರ್ಕು ಕೊಡದೆ ಒತ್ತುವ ಅಭ್ಯಾಸ ಬೇಕು. 2019ರ ಏಪ್ರಿಲಿನಿಂದ ಮಾರಾಟವಾಗುವ 125 ಸಿ.ಸಿ.ವರೆಗಿನ ಗಾಡಿಗಳಲ್ಲಿ ಒಂದನ್ನು ಒತ್ತಿದರೆ ಎರಡೂ ಹಿಡಿಯುವ ಏರ್ಪಾಡಾದರೂ ಇರಬೇಕು. ಅದಕ್ಕೂ ಮೇಲಿನವುಗಳಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಇರಬೇಕು. ಆದರೆ ಲೈನರು ಸವೆದ ಮೇಲೆ, ಕೇಬಲು ಸಡಿಲವಾದ ಮೇಲೆ ಯಾವ ಏರ್ಪಾಡೂ ಕೈಹಿಡಿಯುವುದಿಲ್ಲ. ಡ್ರಮ್ಮಿನ ಬ್ರೇಕಿನ ತಟ್ಟೆಯ ಮೇಲೆ ಅನೇಕ ಗಾಡಿಗಳಲ್ಲಿ ಒಂದು ಬಾಣದ ಗುರುತಿರುತ್ತದೆ; ಬ್ರೇಕು ಒತ್ತಿದಾಗ ಅದು ಕೊನೆಯ ಗೆರೆಗೆ ಮುಟ್ಟಿದರೆ ಲೈನರು ಮುಗಿಯಿತು. ಡಿಸ್ಕ್ ಬ್ರೇಕಿದ್ದರೆ ಎಣ್ಣೆಯ ಡಬ್ಬಿಯ ಕಿಟಕಿಯಲ್ಲಿ ಮಟ್ಟ ನೋಡಿ, ಪ್ಯಾಡಿನ ದಪ್ಪ ನೋಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಿರ್ರೆನ್ನುವ ಸದ್ದು ಕೇಳುವವರೆಗೆ ಕಾದರೆ ಪ್ಯಾಡಿನ ಜೊತೆಗೆ ಡಿಸ್ಕಿಗೂ ಹಣ ತೆರಬೇಕಾದೀತು.

ಮೂರನೆಯದು ಟಯರು. ಟಯರಿನ ಪಕ್ಕದಲ್ಲಿ ಸಣ್ಣ ತ್ರಿಕೋನ ಅಥವಾ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳಿರುತ್ತವೆ. ಅದರ ನೇರದಲ್ಲಿ ಗೀರುಗಳ ಒಳಗೆ ಒಂದು ದಿಬ್ಬವಿರುತ್ತದೆ. ಟಯರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಬದಲಿಸಬೇಕು. ಗೀರುಗಳಿರುವುದು ಅಂದಕ್ಕಲ್ಲ, ರಸ್ತೆಯ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ. ಬೇಸಗೆಯಲ್ಲಿ ಬೋಳು ಟಯರು ಓಡಿಸಿದವನಿಗೆ ಜೂನ್ ತಿಂಗಳಲ್ಲಿ ಅದರ ಲೆಕ್ಕ ಸಿಕ್ಕುತ್ತದೆ. ಅಲ್ಲಿಯೇ ನಾಲ್ಕು ಅಂಕಿಗಳೂ ಇರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ಓದಲು ಕಲಿಯಬೇಕು. ಗೀರು ಚೆನ್ನಾಗಿದ್ದರೂ ಬಿರುಕು ಬಿಟ್ಟ ಹಳೆಯ ರಬ್ಬರು ನಂಬಿಕೆಗೆ ಅರ್ಹವಲ್ಲ.

ನಾಲ್ಕನೆಯದು ಹ್ಯಾಂಡಲು. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಒಬ್ಬರು ಹಿಂದಿನಿಂದ ಒತ್ತಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಹ್ಯಾಂಡಲನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ. ನಡುವಿನಲ್ಲಿ ತಡೆದು ಕೂತಂತಾದರೆ ಕೋನ್‌ಸೆಟ್ಟಿನಲ್ಲಿ ಹಳ್ಳ ಬಿದ್ದಿದೆ. ಫೋರ್ಕಿನ ಕೆಳಭಾಗವನ್ನು ಹಿಡಿದು ಹಿಂದೆ ಮುಂದೆ ಎಳೆಯಿರಿ, ಟಕ್ಕೆಂದರೆ ಸಡಿಲವಾಗಿದೆ. ಹಿಂದಿನ ಚಕ್ರವನ್ನೂ ಹೀಗೆಯೇ ಅಡ್ಡಡ್ಡಕ್ಕೆ ಅಲ್ಲಾಡಿಸಿ ನೋಡಿ. ಫೋರ್ಕಿನ ಮೇಲೆ ಎಣ್ಣೆಯ ಗೆರೆ ಇಳಿದಿದ್ದರೆ ಆಯಿಲ್ ಸೀಲು ಹೋಗಿದೆ. ಆ ಎಣ್ಣೆ ಡಿಸ್ಕಿನ ಮೇಲೆ ಬಿದ್ದರೆ ಬ್ರೇಕಿಗೆ ಎಣ್ಣೆ ಹಚ್ಚಿದಂತೆಯೇ.

ಐದನೆಯದು ಚೈನು. ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಒತ್ತಿದರೆ ಸಾಮಾನ್ಯವಾಗಿ ಒಂದು ಅಂಗುಲದ ಆಸುಪಾಸು ಆಡಬೇಕು. ಸರಿಯಾದ ಲೆಕ್ಕ ಗಾಡಿಯ ಪುಸ್ತಕದಲ್ಲಿರುತ್ತದೆ. ತೀರ ಬಿಗಿಯಾದರೆ ಬೇರಿಂಗು ತಿನ್ನುತ್ತದೆ, ತೀರ ಸಡಿಲವಾದರೆ ಹಾರಿ ಚಕ್ರವನ್ನೇ ಕಟ್ಟಿಹಾಕೀತು. ಸ್ಪ್ರಾಕೆಟ್ಟಿನ ಹಲ್ಲುಗಳು ಗರಗಸದ ಹಾಗೆ ಚೂಪಾಗಿ ಬಾಗಿದ್ದರೆ ಚೈನನ್ನೂ ಸೇರಿಸಿ ಪೂರಾ ಸೆಟ್ಟನ್ನೇ ಬದಲಿಸಬೇಕು.

ನಮ್ಮ ಕಾನೂನು, ನಮ್ಮ ಹೊಣೆ

ನಮ್ಮ ದೇಶದಲ್ಲಿ ಇಂತಹ ಪರೀಕ್ಷೆಯಿಲ್ಲವೇ ಎಂದು ನೀವು ಕೇಳಬಹುದು. ಟ್ಯಾಕ್ಸಿ, ಟೆಂಪೋ, ಲಾರಿಗಳಿಗೆ ಇದೆ. ಆದರೆ ಸ್ವಂತದ ಮೋಟಾರ್‌ಸೈಕಲ್ಲಿಗೆ 1988ರ ಮೋಟಾರು ವಾಹನ ಕಾಯಿದೆಯಂತೆ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಅದು ಮುಗಿದು ಐದೈದು ವರ್ಷಕ್ಕೆ ನವೀಕರಿಸುವಾಗಲೇ ಆರ್.ಟಿ.ಓ. ಅಧಿಕಾರಿ ಗಾಡಿಯನ್ನು ಪರೀಕ್ಷಿಸುವುದು. ನಡುವೆ ನಾವು ಮಾಡಿಸುವ ಪಿ.ಯು.ಸಿ. ಹೊಗೆಯದು ಮಾತ್ರ. ಪಿ.ಯು.ಸಿ. ಚೀಟಿಯಿದ್ದರೆ ಗಾಡಿ ಪಾಸಾದಂತೆ ಎಂದು ಕೆಲವರು ತಿಳಿದಿದ್ದಾರೆ. ಅದು ಹೊಗೆಯನ್ನು ನೋಡುತ್ತದೆ, ಬ್ರೇಕನ್ನು ನೋಡುವುದಿಲ್ಲ. ಹೀಗಿದ್ದರೂ ದೋಷವಿರುವ ಗಾಡಿಯನ್ನು ಓಡಿಸುವುದು ಅದೇ ಕಾಯಿದೆಯ 190ನೆಯ ಕಲಮಿನ ಮೇರೆಗೆ ಅಪರಾಧ. ಅಂದರೆ ಪರೀಕ್ಷಕನಿಲ್ಲ, ಹೊಣೆ ಮಾತ್ರ ಇದೆ. ಹದಿನೈದು ವರ್ಷ ನಮಗೆ ನಾವೇ ಪರೀಕ್ಷಕರು.

ಈ ಹೊಣೆ ಸಣ್ಣದಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಎಲ್ಲವೂ ಗಾಡಿಯ ದೋಷದಿಂದ ಆದುದಲ್ಲ. ವೇಗ, ರಸ್ತೆ, ಹೆಲ್ಮೆಟ್ಟಿಲ್ಲದ ತಲೆ, ಎಷ್ಟೋ ಕಾರಣಗಳಿವೆ. ಆದರೆ ಆ ಕಾರಣಗಳಲ್ಲಿ ನಮ್ಮ ಕೈಯಲ್ಲಿಯೇ ಇರುವುದನ್ನು ನಾವು ಸರಿಪಡಿಸದಿದ್ದರೆ ಮತ್ತಾರು ಸರಿಪಡಿಸಬೇಕು?

ಇಲ್ಲಿ ಹೊಟೇಲು ಧಣಿಗಳಿಗೂ ಒಂದು ವಿನಂತಿ. ಅವರಲ್ಲಿ ಹಲವರು ಮಾಣಿಗಳಾಗಿ ದುಡಿದೇ ಮೇಲೆ ಬಂದವರು, ಕಷ್ಟ ಬಲ್ಲವರು. ಹುಡುಗನ ಸ್ವಂತ ಗಾಡಿಯನ್ನು ಹೊಟೇಲಿನ ಕೆಲಸಕ್ಕೆ ಓಡಿಸಿಕೊಂಡು ಪೆಟ್ರೋಲಿನ ಹಣವನ್ನು ಮಾತ್ರ ಕೊಟ್ಟರೆ ಲೆಕ್ಕ ಸರಿಯಾಗುವುದಿಲ್ಲ. ಪೆಟ್ರೋಲಿನ ಜೊತೆಗೆ ಟಯರೂ ಸವೆಯುತ್ತದೆ, ಲೈನರೂ ಸವೆಯುತ್ತದೆ. ಗ್ರೈಂಡರಿನ ರಿಪೇರಿ ಹೊಟೇಲಿನ ಖರ್ಚಾದರೆ ಹೊಟೇಲಿಗಾಗಿ ಓಡುವ ಗಾಡಿಯ ಬ್ರೇಕಿನ ಖರ್ಚಿನಲ್ಲಿಯೂ ಒಂದು ಪಾಲು ಹೊಟೇಲಿನದೇ. ಇದನ್ನು ಸಂಘವು ಸೌಜನ್ಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕೆಂದು ನನ್ನ ಅಭಿಪ್ರಾಯ.

ಆಯುಧಪೂಜೆಯ ಮುನ್ನಾದಿನ

ನಾನು 1982ರ ಮುಷ್ಕರದವರೆಗೆ ಗಿರಣಿಯಲ್ಲಿ ರಿಂಗ್‌ಫ್ರೇಮಿನ ಫಿಟ್ಟರನ ಕೈಕೆಳಗೆ ಕೆಲಸ ಕಲಿತವನು. ಇಲ್ಲಿ ಕೂತಿರುವ ಹಿರಿಯರು ಬಲ್ಲರು: ಅಲ್ಲಿ ಕೆಟ್ಟ ಯಂತ್ರವನ್ನಷ್ಟೇ ಬಿಚ್ಚುತ್ತಿರಲಿಲ್ಲ. ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನೂ ಅದರ ಸರದಿ ಬಂದಾಗ ನಿಲ್ಲಿಸಿ, ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ನೋಡುತ್ತಿದ್ದರು. "ಓಡುವುದನ್ನು ಯಾಕೆ ನಿಲ್ಲಿಸಬೇಕು?" ಎಂದು ನಾನು ಒಮ್ಮೆ ಕೇಳಿದೆ. "ತಾನಾಗಿ ನಿಲ್ಲಬಾರದು ಎಂದು" ಎಂದರು ನಮ್ಮ ಫಿಟ್ಟರು. ಬೇರೆಯವರ ಯಂತ್ರಕ್ಕೆ ಅಷ್ಟು ನಿಷ್ಠೆಯಿಂದ ಮಾಡಿದ ಕೆಲಸವನ್ನು ನಮ್ಮ ಜೀವ ಹೊತ್ತು ಓಡುವ ಯಂತ್ರಕ್ಕೆ ಮಾಡದಿದ್ದರೆ ಹೇಗೆ?

ಆಯುಧಪೂಜೆಯ ದಿನ ನಾವು ಗಾಡಿಯನ್ನು ತೊಳೆಯುತ್ತೇವೆ, ಕುಂಕುಮವಿಟ್ಟು ಮಾಲೆ ಹಾಕುತ್ತೇವೆ, ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಗಾಡಿಯನ್ನು ಮುಂದಕ್ಕೆ ನಡೆಸುತ್ತೇವೆ. ನಿಂಬೆಹಣ್ಣಿಡಲು ಬಗ್ಗಿದಾಗ ಆ ಟಯರು ಮುಖದ ಎದುರಿಗೇ ಇರುತ್ತದೆ. ಆದರೂ ಅದನ್ನು ನೋಡುವುದಿಲ್ಲ. ನನ್ನ ಸಲಹೆ ಇಷ್ಟೇ. ವರ್ಷಕ್ಕೊಮ್ಮೆ ಆಯುಧಪೂಜೆಯ ಮುನ್ನಾದಿನ, ಇನ್ನೊಮ್ಮೆ ಮಳೆಗಾಲಕ್ಕೆ ಮೊದಲು ಮೇ ತಿಂಗಳ ಕೊನೆಗೆ, ಸಂಘದ ಅಂಗಳದಲ್ಲಿ ಸದಸ್ಯರ ಗಾಡಿಗಳ ಪರೀಕ್ಷೆ ನಡೆಯಲಿ. ನಾನೂ ನನ್ನಂತಹ ಇನ್ನು ನಾಲ್ವರು ಗ್ಯಾರೇಜಿನವರೂ ಬಂದು ನೋಡುತ್ತೇವೆ. ನೋಡುವುದಕ್ಕೆ ಒಂದು ಕಾಸೂ ಬೇಡ. ದೋಷವಿದ್ದರೆ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡುತ್ತೇವೆ. ರಿಪೇರಿಯನ್ನು ಅವರವರಿಗೆ ಅನುಕೂಲವಾದಲ್ಲಿ ಮಾಡಿಸಿಕೊಳ್ಳಲಿ. ಬಲ್ಬುಗಳನ್ನು ಮಾತ್ರ ಅಲ್ಲಿಯೇ, ಕೊಂಡ ಬೆಲೆಗೆ ಹಾಕಿಕೊಡುತ್ತೇವೆ.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನವರು ಕೊಡುವ ಪ್ರಮಾಣಪತ್ರವೂ ಪರೀಕ್ಷೆಯ ದಿನದ ಸ್ಥಿತಿಗೆ ಮಾತ್ರ ಸಾಕ್ಷಿ, ಮುಂದಿನ ಹನ್ನೆರಡು ತಿಂಗಳಿಗೆ ಭರವಸೆಯಲ್ಲ. ನಮ್ಮ ಚೀಟಿಯೂ ಹಾಗೆಯೇ. ಬಲ್ಬು ನಾಳೆಯೇ ಹೋದೀತು. ಆದುದರಿಂದ ಪ್ರತಿದಿನ ಗಾಡಿ ಹತ್ತುವ ಮೊದಲು ಅರ್ಧ ನಿಮಿಷ ನಿಲ್ಲಿ. ಟಯರನ್ನು ಒಮ್ಮೆ ಒತ್ತಿ, ಬ್ರೇಕನ್ನು ಒಮ್ಮೆ ಹಿಡಿಯಿರಿ, ಹಿಂದಿನ ದೀಪವನ್ನು ಒಮ್ಮೆ ತಿರುಗಿ ನೋಡಿ.

ಆ ಕುಂದಾಪುರದ ಹುಡುಗ ಈಗ ಮತ್ತೆ ಇಲ್ಲಿಯೇ ಕೆಲಸದಲ್ಲಿದ್ದಾನೆ. ಸ್ವಲ್ಪ ಕುಂಟುತ್ತಾನೆ. ಈಗಲೂ ಗಾಡಿ ನನ್ನಲ್ಲಿಗೇ ತರುತ್ತಾನೆ, ನಾನು ಸ್ಪಾನರು ಎತ್ತುವ ಮೊದಲೇ ತಾನೇ ಬ್ರೇಕು ಒತ್ತಿ, "ನೋಡಿ ಅಣ್ಣ, ಉರಿಯಿತಾ?" ಎಂದು ಕೇಳುತ್ತಾನೆ. ನಾನು ಹಿಂದೆ ಹೋಗಿ ನಿಂತು "ಉರಿಯಿತು" ಎನ್ನುತ್ತೇನೆ. ನೀವೂ ಹೀಗೆ ಒಬ್ಬರಿಗೊಬ್ಬರು ಹಿಂದೆ ನಿಂತು ನೋಡಿ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ.